ಕಣ್ಣು ತೋರಿಸಿದ ಕಚೇರಿ

ಐವತ್ತಾರನೇ ಇಸವಿಯಲ್ಲಿ ನಮ್ಮೂರಿನ ಇಬ್ಬರು ಮುದುಕಿಯರ ಕಣ್ಣಿಗೆ ಪೊರೆ ಬಂತು. ಒಬ್ಬರು ಪಟೇಲ ಮರಿಮಲ್ಲಪ್ಪನವರ ತಾಯಿ ಶಾಂತಮಲ್ಲಮ್ಮ. ಇನ್ನೊಬ್ಬಳು ನನ್ನ ಅಜ್ಜಿ ಪುಟ್ಟಮಾದಮ್ಮ. ಪಟೇಲರ ತಾಯಿಗೆ ಮೈಸೂರಲ್ಲಿ ಆಪರೇಷನ್ ಆಯಿತು. ನನ್ನ ಅಜ್ಜಿ ಒಲೆ ಉರಿಯುತ್ತಿದೆಯೇ ಎಂದು ಕೈಯಿಟ್ಟು ನೋಡುತ್ತಿದ್ದಳು. ಅವಳ ಬೆರಳ ತುದಿಯೆಲ್ಲ ಬೊಬ್ಬೆ.

ನಾನು ಪಟೇಲರ ಮನೆಯ ಅಂಗಳ, ಕೊಟ್ಟಿಗೆ ಗುಡಿಸುತ್ತಿದ್ದೆ. ದಪ್ಪ ಗಾಜಿನ ಕನ್ನಡಕ ಬಂದ ದಿನವೇ ಶಾಂತಮಲ್ಲಮ್ಮ ಜಗಲಿಯಿಂದ ಕೂಗಿದರು.

"ಲೇ ಚಾಮಿ, ಆ ಮೂಲೇಲಿ ಸಗಣಿ ಬುಟ್ಟಿದ್ದೀಯಲ್ಲ! ನಂಗೆ ಕಾಣಕಿಲ್ಲ ಅಂತ ಇಷ್ಟ್ ದಿನ ಇಂಗೇ ಗುಡಿಸ್ತಿದ್ದ್ಯಾ?"

ತಲೆ ತಗ್ಗಿಸಿ ಗುಡಿಸಿದೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸಿದರೆ ನನಗೆ ಹೊಟ್ಟೆಯುರಿ. ಸೂಜಿಗೆ ದಾರ ಪೋಣಿಸಿದರೆ ಹೊಟ್ಟೆಯುರಿ. ಆ ಕನ್ನಡಕ ಬಿದ್ದು ಒಡೆಯಲಿ ಎಂದು ಒಂದು ದಿನ ದೇವರಲ್ಲಿ ಬೇಡಿಕೊಂಡೆ.

ನನ್ನ ಕಣ್ಣು ಎಲ್ಲಿದೆ ಎಂದು ಪಟೇಲರು ಕಂಡುಕೊಂಡರು.

"ನಿಮ್ಮಜ್ಜಿಗೂ ಮಾಡ್ಸನ ಕಣಮ್ಮಿ. ಮೊದ್ಲು ಗುಂಡ್ಲುಪೇಟೆ ಡಾಕ್ಟ್ರು ನೋಡಿ ಬರ್ಕೊಡಬೇಕು. ಅಲ್ಲೊಂದು ಎಬ್ಬೆಟ್ಟು ಒತ್ತುದ್ರಾಯ್ತು."

"ಕಾಸು ಬುದ್ಧಿ?"

"ಅದ್ನ ನನ್ಗೆ ಬುಡು."

ಅವರ ಹೊಲಕ್ಕೂ ಕೆರೆಗೂ ನಡುವೆ ಅಜ್ಜಿಯ ಹೆಸರಿನ ಎರಡೆಕರೆ ಇತ್ತು. ಅದು ನನಗೆ ನೆನಪಾಗಲಿಲ್ಲ. ಕನ್ನಡಕವೊಂದೇ ಕಣ್ಮುಂದೆ. ಬಾವಿಯ ಹತ್ತಿರ ಎಂದೂ ಬಾಯಿ ಬಿಡದವಳು ಅಂದು ಎಲ್ಲರಿಗೂ ಹೇಳಿದೆ: "ನಮ್ಮಜ್ಜಿಗೂ ಕನ್ನಡಕ ಬತ್ತದೆ."

ಮರುದಿನ ಬೆಳಿಗ್ಗೆ ಅಜ್ಜಿಯ ತಲೆ ಬಾಚಿ ನಾನೇ ಅವಳನ್ನು ಪಟೇಲರ ಗಾಡಿ ಹತ್ತಿಸಿದೆ. "ನೀನ್ಯಾಕೆ? ಕೊಟ್ಟಿಗೆ ಗುಡಿಸೋಗು" ಎಂದು ಪಟೇಲರು ನನ್ನನ್ನು ಬಿಟ್ಟು ಹೋದರು. ಅಜ್ಜಿ ಎಲೆಯಡಿಕೆ ಚೀಲ ಮರೆತಿದ್ದಳು. ಅದಿಲ್ಲದೆ ಅವಳು ಗಳಿಗೆಯೂ ಇರಲಾರಳು. ಚೀಲ ಹಿಡಿದು ಗುಂಡ್ಲುಪೇಟೆಗೆ ಓಡಿದೆ.

ಗಾಡಿ ಒಂದು ಕಟ್ಟಡದ ಮುಂದೆ ನಿಂತಿತ್ತು. ಔಷಧಿಯ ವಾಸನೆ ಇರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಬೋರ್ಡಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದೆ. ಸಬ್ ರಿಜಿಸ್ಟ್ರಾರ್ ಕಚೇರಿ. ಜಮೀನು ಮಾರುವವರು ಬರುವ ಜಾಗ.

ಒಳಗೆ ಅಜ್ಜಿ ಮೇಜಿನ ಮುಂದೆ ನಿಂತು, ಎರಡು ಬೆರಳಿಂದ ರೆಪ್ಪೆ ಅಗಲಿಸಿ, ಸಾಹೇಬರಿಗೆ ತೋರಿಸುತ್ತಿದ್ದಳು.

"ಬಲಗಣ್ಣು ಮೊದ್ಲು ನೋಡಿ ಬುದ್ಧಿ. ಇದ್ರಲ್ಲಿ ಒಸಿ ಬೆಳ್ಕು ಅದೆ."

ಗುಮಾಸ್ತ ಕಿಸಕ್ಕನೆ ನಕ್ಕ. ಸಾಹೇಬರು ತಲೆಯೆತ್ತಿದರು. "ಏನ್ರೀ ಇದು?"

"ವಯಸ್ಸಾಯ್ತಲ್ಲ ಸ್ವಾಮಿ, ಅರಳುಮರಳು" ಎಂದರು ಪಟೇಲರು.

ಸಾಹೇಬರು ಮತ್ತೇನೂ ಕೇಳದೆ ಹಾಳೆ ತಿರುಗಿಸಿದರು. ಗುಮಾಸ್ತ ಅಜ್ಜಿಯ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿದ.

ನಾನು ಬಾಗಿಲಲ್ಲಿದ್ದೆ. ಕೂಗಿದರೆ ಕನ್ನಡಕವಿಲ್ಲ. ಆದರೂ ಕೂಗಿದೆ.

"ಅಜ್ಜಿ, ಒತ್ತಬ್ಯಾಡ! ಇದು ಆಸ್ಪತ್ರೆ ಅಲ್ಲ. ಒಲ ಬರಸ್ಕೊತಾವ್ರೆ!"

ಅಜ್ಜಿ ಕೈ ಕಿತ್ತುಕೊಂಡು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿದಳು.

"ಕಣ್ಣು ಬ್ಯಾಡ್ವೇನೆ ಮುದ್ಕಿ?" ಪಟೇಲರು ಗದರಿದರು.

"ಬೇಕು ಬುದ್ಧಿ" ಎಂದಳು ಅಜ್ಜಿ. "ನನ್ನ ಒಲ ನೋಡಕೆ ಬೇಕು."

ನಡೆದೇ ಬಂದೆವು. ನನಗೆ ಇನ್ನು ಆ ಮನೆಯಲ್ಲಿ ಕೆಲಸವಿಲ್ಲ. ಅಜ್ಜಿಯ ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಇನ್ನೂ ಮುಷ್ಟಿ.

"ಕೈ ಬುಡು ಅಜ್ಜಿ, ಮಸಿ ಒರಸ್ತೀನಿ."

"ಇರ್ಲಿ ಕಣಮ್ಮಿ. ಅವ್ನು ಇಂದ್ಗಡೆ ಬತ್ತಾವ್ನೋ ಏನೋ. ನಂಗೆ ಕಾಣಕಿಲ್ವಲ್ಲ."

ತಿರುಗಿ ನೋಡಿದೆ. ದೂರದಲ್ಲಿ ಗಾಡಿಯ ಧೂಳು ಎದ್ದಿತ್ತು.

"ಬತ್ತಾವ್ನೆ" ಎಂದೆ. "ಗಟ್ಯಾಗಿ ಇಡ್ಕೊ."