ಖಲಾಸ್ ಗಾಡಿ

ರಾಜಗೋಪಾಲರು ನಲವತ್ತೇಳನೆಯ ವಯಸ್ಸಿನಲ್ಲಿ ಓಡಲು ಕಲಿತದ್ದು ಆರೋಗ್ಯಕ್ಕಾಗಿ ಅಲ್ಲ, ಕೆಲಸ ಉಳಿಸಿಕೊಳ್ಳುವುದಕ್ಕೆ.

2015ರ ಕೊನೆಯ ತಿಂಗಳುಗಳು. ಎಣ್ಣೆಯ ಬೆಲೆ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ರಾಜಗೋಪಾಲರು ಮಸ್ಕತ್ತಿನಲ್ಲಿ, ಎಣ್ಣೆಬಾವಿಗಳಿಗೆ ಪಂಪು, ವಾಲ್ವು ಒದಗಿಸುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದರು. ಮೈಸೂರಿನಿಂದ ಬಂದು ಹದಿನಾಲ್ಕು ವರ್ಷವಾಗಿತ್ತು. ಮೂರು ತಿಂಗಳಲ್ಲಿ ಅವರ ಮಹಡಿಯೊಂದರಿಂದಲೇ ಒಂಬತ್ತು ಜನ ಮನೆಗೆ ಹೋಗಿದ್ದರು. ಎಚ್‌ಆರ್ ಮ್ಯಾನೇಜರ್ ಎಡ್ಮಂಡರ ಕೋಣೆಯಿಂದ ಫೋನ್ ಬಂದರೆ, ಜನ ಮೊದಲು ಮೇಜಿನ ಮೇಲಿದ್ದ ಮಕ್ಕಳ ಫೋಟೋ ಚೀಲಕ್ಕೆ ಹಾಕಿಕೊಂಡು ಆಮೇಲೆ ಕೋಣೆಗೆ ಹೋಗುತ್ತಿದ್ದರು.

ಅಂಥ ಹೊತ್ತಿನಲ್ಲಿ ಎಡ್ಮಂಡರಿಂದ ಎಲ್ಲರಿಗೂ ಒಂದು ಮೇಲ್ ಬಂತು. ಈ ವರ್ಷ ಊರಿಗೆ ಹೋಗಿಬರುವ ವಿಮಾನದ ಟಿಕೆಟ್ ಇಲ್ಲ. ಬದಲಿಗೆ ಜನವರಿಯಲ್ಲಿ, ಸುವೈಕ್ ಹತ್ತಿರ ಕಡಲ ಬದಿಯಲ್ಲಿ ಹೊಸದಾಗಿ ತೆರೆದಿರುವ ಬ್ಲೂ ಟರ್ಟಲ್ ಥೀಮ್ ಪಾರ್ಕಿನಲ್ಲಿ ಸಂಸಾರ ಸಮೇತ ಮೂರು ದಿನ ಇರಬಹುದು. ಆ ಮೂರು ದಿನವೂ ಅಲ್ಲಿ ಓಟದ ಸ್ಪರ್ಧೆ ಇದೆ. ಮೊದಲ ದಿನ ಐದು ಕಿಲೋಮೀಟರ್, ಮರುದಿನ ಹತ್ತು, ಮೂರನೆಯ ದಿನ ಇಪ್ಪತ್ತೊಂದು. ಭಾಗವಹಿಸುವುದು ಅವರವರ ಇಷ್ಟ. ಕೊನೆಗೊಂದು ಸಾಲು: ‘ಹಿಡಿದದ್ದನ್ನು ಮುಗಿಸುವವರೇ ಈ ಕಂಪನಿಯ ಭವಿಷ್ಯ.’

ಉಳಿದವರು ಮೇಲನ್ನು ಒಮ್ಮೆ ಓದಿ ಟಿಕೆಟ್ ಹೋಯಿತೆಂದು ಬೈದುಕೊಂಡರು. ರಾಜಗೋಪಾಲರು ಕೊನೆಯ ಸಾಲನ್ನೇ ಮತ್ತೆ ಮತ್ತೆ ಓದಿದರು.

“ಇದು ಓಟ ಅಲ್ಲ ಕಣೇ, ಪರೀಕ್ಷೆ,” ಎಂದರು ಹೆಂಡತಿ ರತ್ನಪ್ರಭಾಗೆ.

“ಇಷ್ಟ ಇದ್ದೋರು ಓಡಿ ಅಂತ ತಾನೇ ಬರೆದಿರೋದು?”

“ಆಫೀಸಿನೋರು ಇಷ್ಟ ಅಂದ್ರೆ ಅದು ಕಡ್ಡಾಯ ಅಂತಲೇ ಅರ್ಥ.”

ಮರುದಿನದಿಂದ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಅಭ್ಯಾಸ ಶುರುವಾಯಿತು. ಮುಂಜಾನೆ ಈರುಳ್ಳಿ ಇಳಿಸುತ್ತಿದ್ದವರು, ಏದುಸಿರು ಬಿಡುತ್ತಾ ಬರುವ ಈ ಕನ್ನಡಕದ ಮನುಷ್ಯನನ್ನು ನೋಡಿ ಮೊದಲ ದಿನ ಗಾಬರಿಯಾದರು. “ಭಾಯ್, ಪೀಛೇ ಕೌನ್ ಹೈ?” ಎಂದು ಒಬ್ಬ ಲಾರಿ ಡ್ರೈವರ್ ಕೇಳಿದ. ಹಿಂದೆ ಯಾರಿದ್ದಾರೆಂದು ಹೇಳುವಷ್ಟು ಉಸಿರು ರಾಜಗೋಪಾಲರಲ್ಲಿ ಇರಲಿಲ್ಲ.

ಜನವರಿ ಕೊನೆಯ ಗುರುವಾರ ಎಲ್ಲರೂ ಪಾರ್ಕಿಗೆ ಹೋದರು. ಎಣ್ಣೆಯ ಬೆಲೆ ಏರಿದ್ದಾಗ ನಕ್ಷೆ ಬರೆದು, ಇಳಿದ ಮೇಲೆ ಬಾಗಿಲು ತೆರೆದ ಜಾಗ ಅದು. ಏಳು ಆಟಗಳಿದ್ದವು, ಖರ್ಚು ಉಳಿಸಲು ದಿನಕ್ಕೆ ಎರಡನ್ನು ಮಾತ್ರ ನಡೆಸುತ್ತಿದ್ದರು. ಹನ್ನೆರಡು ವರ್ಷದ ಮಗಳು ಆಶಿತಾ ನಿಂತುಹೋದ ರೋಲರ್ ಕೋಸ್ಟರಿನ ಕೆಳಗೆ ನಿಂತು, “ಅಪ್ಪಾ, ನಥಿಂಗ್ ಈಸ್ ಮೂವಿಂಗ್ ಹಿಯರ್,” ಎಂದಳು. ಚಲಿಸುತ್ತಿದ್ದದ್ದು ಓಟಗಾರರು ಮಾತ್ರ. ನೀಲಿ ಆಮೆಯ ವೇಷ ತೊಟ್ಟವನೊಬ್ಬ ಹೊರಡುವ ಗೆರೆಯ ಬಳಿ ನಿಂತು ‘ಯಲ್ಲಾ, ಯಲ್ಲಾ’ ಎಂದು ಎಲ್ಲರನ್ನೂ ಹೊರಡಿಸುತ್ತಿದ್ದ.

ಐದು ಕಿಲೋಮೀಟರನ್ನು ರಾಜಗೋಪಾಲರು ಮುಗಿಸಿದರು. ಆದರೆ ಎಡ್ಮಂಡರು ಅರ್ಧದಲ್ಲೇ ಮಂಡಿ ಉಳುಕಿಸಿಕೊಂಡು ಕುಂಟುತ್ತಾ ವಾಪಸಾದರು. ತಾನು ಗೆರೆ ಮುಟ್ಟುವುದನ್ನು ನೋಡಬೇಕಾದವರೇ ಅಲ್ಲಿಲ್ಲವೆಂದು ರಾಜಗೋಪಾಲರಿಗೆ ಬೇಸರವಾಯಿತು.

ಶುಕ್ರವಾರದ ಹತ್ತು ಕಿಲೋಮೀಟರೂ ಮುಗಿಯಿತು, ಎರಡು ಹಿಮ್ಮಡಿಗಳಲ್ಲೂ ಗುಳ್ಳೆಯೆದ್ದವು. ಅಂದು ಭೂತಬಂಗಲೆ ತೆರೆದಿತ್ತು. ಕತ್ತಲಲ್ಲಿ ತೂಗುವ ಅಸ್ಥಿಪಂಜರಗಳ ನಡುವೆ ಸಣ್ಣ ಗಾಡಿಯಲ್ಲಿ ಕೂತ ರಾಜಗೋಪಾಲರು ಎರಡನೆಯ ತಿರುವಿಗೆ ಮೊದಲೇ ನಿದ್ದೆಹೋದರು. ಹೊರಗೆ ಬಂದಾಗ ಗೊರಕೆ ಹೊಡೆಯುತ್ತಿದ್ದ ಅವರನ್ನು ಅಲ್ಲಿಯ ಕೆಲಸದವರು ಎಬ್ಬಿಸಬೇಕಾಯಿತು.

“ಎರಡು ದಿನದಲ್ಲಿ ಮಗಳ ಜೊತೆ ಒಂದು ಐಸ್‌ಕ್ರೀಮೂ ತಿನ್ನಲಿಲ್ಲ ನೀವು,” ಎಂದಳು ರತ್ನಪ್ರಭಾ.

“ಸಕ್ಕರೆ ತಿಂದ್ರೆ ನಾಳೆ ಕಾಲು ಭಾರ ಆಗತ್ತೆ.”

“ಯಾರ ಸಲುವಾಗಿ ಓಡ್ತಿದೀನಿ ಅಂತ ಹೇಳ್ತೀರೋ, ಅವರನ್ನು ಬಿಟ್ಟು ಓಡ್ತಿದೀರಿ.”

ರಾಜಗೋಪಾಲರು ಎಂಟು ಗಂಟೆಗೇ ಮಲಗಿದರು.

ಶನಿವಾರ ಬೆಳಗ್ಗೆ ಇಪ್ಪತ್ತೊಂದು ಕಿಲೋಮೀಟರಿಗೆ ಕಂಪನಿಯಿಂದ ಉಳಿದವರು ಐದೇ ಜನ. ಅವರಲ್ಲೊಬ್ಬರು ಸ್ಟೋರ್‌ಕೀಪರ್ ತುಕ್ರ. ಮೂಲ್ಕಿಯ ಕಡೆಯವರು, ವಯಸ್ಸು ಐವತ್ಮೂರು. ಹಿಂದಿನ ರಾತ್ರಿ ಬಫೆಯಲ್ಲಿ ಮೂರು ಸಲ ಬಡಿಸಿಕೊಂಡದ್ದನ್ನು ಕರಗಿಸಲು ಬಂದೆ ಎಂದು ಅವರೇ ಹೇಳಿಕೊಂಡಿದ್ದರು. ಮೂರೂವರೆ ಗಂಟೆಯ ಒಳಗೆ ಮುಗಿಸಬೇಕು. ನಿಧಾನವಾದವರ ಹಿಂದೆ ಒಂದು ಬಿಳಿ ವ್ಯಾನ್ ಬರುತ್ತದೆ. ಅದು ಹಿಡಿದರೆ ಹತ್ತಿ ಕೂರಬೇಕು, ಆಟ ಮುಗಿದಂತೆ. ಓಟಗಾರರೆಲ್ಲ ಅದನ್ನು ಖಲಾಸ್ ಗಾಡಿ ಎನ್ನುತ್ತಿದ್ದರು.

ಆರನೆಯ ಕಿಲೋಮೀಟರಿನಲ್ಲಿ ರಾಜಗೋಪಾಲರ ಕಾಲು ಸೋತಿತು. ಆಗ ತುಕ್ರರು ಪಕ್ಕಕ್ಕೆ ಬಂದರು.

“ಗುಳ್ಳೆ ಉಂಟಾ? ಅದನ್ನು ನೆನಪು ಮಾಡ್ಬೇಡಿ. ನಾನು ಒಂದು ಕಥೆ ಹೇಳ್ತೇನೆ, ನೀವು ಕಾಲು ಎತ್ತಿ ಇಡಿ.”

ತುಕ್ರರು ಸ್ಟೋರಿನ ಕಥೆಗಳನ್ನು ಹೇಳಿದರು. ಯಾರೋ ತಪ್ಪಾಗಿ ತರಿಸಿದ ಇನ್ನೂರು ವಾಲ್ವುಗಳು ಆರು ವರ್ಷದಿಂದ ಯಾವ ಮೂಲೆಯಲ್ಲಿವೆ, ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲದ ಪಂಪುಗಳು ಯಾವ ಕಪಾಟಿನ ಹಿಂದೆ ಸಿಗುತ್ತವೆ, ಹೀಗೆ. ಕೇಳುತ್ತಾ ಕೇಳುತ್ತಾ ಹತ್ತು ಕಿಲೋಮೀಟರ್ ಕಳೆದದ್ದೇ ರಾಜಗೋಪಾಲರಿಗೆ ತಿಳಿಯಲಿಲ್ಲ. ನಡುವೆ ತುಕ್ರರು ತಮ್ಮ ಜೇಬಿನಿಂದ ಖರ್ಜೂರ ತೆಗೆದು ಕೊಟ್ಟರು, ಒಂದೆಡೆ ತಮ್ಮ ಪಾಲಿನ ನೀರನ್ನೂ ಕೊಟ್ಟರು.

ಹದಿನಾರನೆಯ ಕಿಲೋಮೀಟರಿನ ಫಲಕ ದಾಟಿದ ಕೂಡಲೇ ತುಕ್ರರು “ಅಬ್ಬಾ” ಎಂದು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತುಬಿಟ್ಟರು. ಮೀನಖಂಡ ಸೆಟೆದು ಕಲ್ಲಾಗಿತ್ತು.

“ಸ್ವಲ್ಪ ಪಾದ ಹಿಡಿದು ಒತ್ತಿ ಮಾರಾಯ್ರೇ, ಐದು ನಿಮಿಷದಲ್ಲಿ ಸರಿ ಹೋಗ್ತದೆ.”

ರಾಜಗೋಪಾಲರು ಗಡಿಯಾರ ನೋಡಿದರು. ಐದು ನಿಮಿಷವಿರಲಿಲ್ಲ. ಹಿಂದೆ ನೋಡಿದರು. ಬಿಳಿ ವ್ಯಾನ್ ದೂರದಲ್ಲಿ ಬರುತ್ತಿತ್ತು.

“ಮುಂದೆ ನೀರು ಕೊಡೋರ ಹತ್ರ ಹೇಳ್ತೀನಿ, ಅವರು ಬರ್ತಾರೆ,” ಎಂದು ಹೇಳಿ ಓಡಿದರು.

ನೀರಿನ ಮೇಜು ಬಂತು. ಲೋಟ ಎತ್ತಿಕೊಂಡರು, ಕುಡಿದರು, ಓಡಿದರು. ಇನ್ನೂರು ಹೆಜ್ಜೆ ಹೋದ ಮೇಲೆ ತುಕ್ರರ ವಿಷಯ ಹೇಳಲಿಲ್ಲವೆಂದು ನೆನಪಾಯಿತು. ತಿರುಗಿ ನೋಡಿದರು, ತಿರುಗಿ ಹೋಗಲಿಲ್ಲ.

ಮೂರು ಗಂಟೆ ಇಪ್ಪತ್ತೇಳು ನಿಮಿಷಕ್ಕೆ ಗೆರೆ ಮುಟ್ಟಿದರು. ನೀಲಿ ಆಮೆ ಅವರನ್ನು ತಬ್ಬಿಕೊಂಡಿತು. ಆಶಿತಾ ಚಪ್ಪಾಳೆ ತಟ್ಟಿದಳು. ರಾಜಗೋಪಾಲರು ಕೊರಳಿನ ಪದಕವನ್ನು ಕೈಯಲ್ಲಿ ಹಿಡಿದು, ಎಡ್ಮಂಡರು ಎಲ್ಲಿ ಎಂದು ಹುಡುಕಿದರು.

ಎಡ್ಮಂಡರು ಸಿಕ್ಕಿದರು. ಖಲಾಸ್ ಗಾಡಿಯೊಳಗೆ. ಮಂಡಿ ನೋವಿನಿಂದ ಓಡಲಾಗದೆ, ತಮ್ಮ ನೌಕರರನ್ನು ಹುರಿದುಂಬಿಸೋಣವೆಂದು ಬೆಳಗ್ಗೆಯಿಂದ ಅದರಲ್ಲೇ ಸುತ್ತುತ್ತಿದ್ದರು. ಪಕ್ಕದಲ್ಲಿ ತುಕ್ರರು ಕಾಲಿಗೆ ಮಂಜುಗಡ್ಡೆ ಇಟ್ಟುಕೊಂಡು ಕೂತಿದ್ದರು. ಕಿನ್ನಿಗೋಳಿಯ ಎಡ್ಮಂಡರಿಗೂ ಮೂಲ್ಕಿಯ ತುಕ್ರರಿಗೂ ಐದಾರು ಮೈಲಿಯ ಅಂತರ ಎಂಬುದು ಹನ್ನೊಂದು ವರ್ಷ ಒಂದೇ ಕಂಪನಿಯಲ್ಲಿದ್ದರೂ ಗೊತ್ತಾಗಿರಲಿಲ್ಲ. ಏಸಿ ಗಾಡಿಯಲ್ಲಿ ಮುಕ್ಕಾಲು ಗಂಟೆ ತುಳುವಿನಲ್ಲಿ ಮಾತಾಡಿ ಇಬ್ಬರೂ ನಗುತ್ತಾ ಇಳಿದರು. ತುಕ್ರರು ರಾಜಗೋಪಾಲರ ಪದಕ ನೋಡಿ ಕೈ ಕುಲುಕಿ, “ಚಂದ ಉಂಟು,” ಎಂದರು.

ಹತ್ತು ದಿನಕ್ಕೆ ರಾಜಗೋಪಾಲರಿಗೆ ಫೋನ್ ಬಂತು.

“ಕೂತುಕೊಳ್ಳಿ,” ಎಂದರು ಎಡ್ಮಂಡರು. “ನಿಜ ಹೇಳ್ತೇನೆ. ಕಂಪನಿ ಇನ್ನು ಒಂದು ವರ್ಷ ಏನೂ ಖರೀದಿ ಮಾಡುವುದಿಲ್ಲ. ಸ್ಟೋರಿನಲ್ಲಿ ಇರುವುದನ್ನೇ ಮುಗಿಸಬೇಕು. ಅಲ್ಲಿ ಏನು ಎಲ್ಲಿ ಉಂಟು ಅಂತ ತುಕ್ರನಿಗೆ ಮಾತ್ರ ಗೊತ್ತು, ಅದು ನನಗೆ ಆ ಗಾಡಿಯಲ್ಲೇ ತಿಳಿದದ್ದು. ಅವನ ಹೆಸರು ಈ ಸಲದ ಪಟ್ಟಿಯಲ್ಲಿತ್ತು, ನಾನೇ ತೆಗೆದೆ.”

“ಸಾರ್, ನಾನು ಮೂರೂ ದಿನ ಮುಗಿಸಿದೆ.”

“ಅದೇ ನನಗೆ ಧೈರ್ಯ ಕೊಟ್ಟದ್ದು. ಯಾರನ್ನು ಕಳಿಸುವುದು ಅಂತ ತುಂಬ ಯೋಚನೆ ಮಾಡಿದೆ. ಕೆಲವರನ್ನು ಕಳಿಸಿದರೆ ಕುಸಿದುಬಿಡ್ತಾರೆ. ನೀವು ಎಲ್ಲಿ ಹೋದರೂ ನಿಭಾಯಿಸ್ತೀರಿ.”

ಜೊತೆಗೆ ಒಂದು ಶಿಫಾರಸು ಪತ್ರ ಕೊಟ್ಟರು. ಅದರಲ್ಲಿ ಅವರ ಹದಿನಾಲ್ಕು ವರ್ಷದ ದುಡಿಮೆಗೆ ಎರಡು ಸಾಲು, ಮೂರು ದಿನದ ಓಟಕ್ಕೆ ಐದು ಸಾಲು ಇತ್ತು.

ಮನೆಯಲ್ಲಿ ರತ್ನಪ್ರಭಾ ಪತ್ರವನ್ನು ಎರಡು ಸಲ ಓದಿದಳು. ಬೈಯುತ್ತಾಳೆಂದು ಅವರು ಕಾದರು. ಅವಳು ಬೈಯಲಿಲ್ಲ, ಬಿಸಿನೀರಿಗೆ ಉಪ್ಪು ಹಾಕಿ ಅವರ ಕಾಲ ಮುಂದೆ ತಂದಿಟ್ಟಳು. ಇನ್ನೂ ಗುಳ್ಳೆ ಮಾಗಿರಲಿಲ್ಲ. ಆಗ ರಾಜಗೋಪಾಲರು ಹದಿನಾರನೆಯ ಕಿಲೋಮೀಟರಿನ ವಿಷಯವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು.

“ಅದನ್ನ ನನಗೆ ಹೇಳಿ ಏನು ಪ್ರಯೋಜನ?” ಎಂದಳು ರತ್ನಪ್ರಭಾ. “ಹೇಳಬೇಕಾದೋರಿಗೆ ಹೇಳಿ.”

ಅವರು ಹೇಳುವ ಮೊದಲೇ ತುಕ್ರರಿಂದ ಫೋನ್ ಬಂತು. ಒಳನಾಡಿನ ಇಬ್ರಿ ಪಟ್ಟಣದಲ್ಲಿ ಮುಹಿಯುದ್ದೀನ್ ಎಂಬುವರು ಬೋರ್‌ವೆಲ್ ಪಂಪುಗಳ ಅಂಗಡಿ ಇಟ್ಟಿದ್ದಾರೆ, ತಮ್ಮ ಊರಿನ ಕಡೆಯವರೇ, ಖರೀದಿ ಗೊತ್ತಿದ್ದವರು ಬೇಕಂತೆ. ಹಳೆಯ ಕಂಪನಿ ಒಪ್ಪಿಗೆ ಪತ್ರ ಕೊಡದಿದ್ದರೆ ಬೇರೆಡೆ ಸೇರುವಂತಿಲ್ಲವಲ್ಲ, ಅದಕ್ಕೂ ಎಡ್ಮಂಡರ ಹತ್ತಿರ ಮಾತಾಡಿ ಸಹಿ ಹಾಕಿಸಿದ್ದೇನೆ ಎಂದರು.

ಶನಿವಾರ ತುಕ್ರರ ಕಾರಿನಲ್ಲೇ ಇಬ್ರಿಗೆ ಹೊರಟರು. ನಿಜ್ವಾ ದಾಟುವವರೆಗೂ ರಾಜಗೋಪಾಲರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಹೇಳಿದರು.

“ಅವತ್ತು ನಾನು ನಿಲ್ಲಬೇಕಿತ್ತು. ನೀರಿನೋರಿಗೂ ಹೇಳಲಿಲ್ಲ ನಾನು.”

ತುಕ್ರರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಗೊತ್ತಾಯ್ತು. ಯಾರೂ ಬರಲಿಲ್ಲ.” ಹಿಂದಿನ ಲಾರಿಗೆ ದಾರಿ ಬಿಟ್ಟು ಮುಂದುವರಿಸಿದರು. “ಬೇಜಾರಾಗಿತ್ತು ನನಗೆ, ಸುಳ್ಳು ಹೇಳುವುದಿಲ್ಲ. ಆದರೆ ನೀವು ನಿಂತಿದ್ದರೆ ನಾನು ಆ ಗಾಡಿ ಹತ್ತುತ್ತಿರಲಿಲ್ಲ ನೋಡಿ. ನಿಮ್ಮ ಕೈ ಹಿಡಿದು ಹೇಗಾದರೂ ನಡೆದು ಮುಗಿಸ್ತಿದ್ದೆ. ಈಗ ಇಬ್ಬರೂ ಕೆಲಸ ಹುಡುಕಬೇಕಿತ್ತು.”

ರಾಜಗೋಪಾಲರಿಗೆ ಇದನ್ನು ಕ್ಷಮೆ ಎನ್ನಬೇಕೋ ಲೆಕ್ಕಾಚಾರ ಎನ್ನಬೇಕೋ ತಿಳಿಯಲಿಲ್ಲ. ಯಾವುದಾದರೂ ಸರಿಯೇ, ಎದೆಯ ಭಾರ ಮಾತ್ರ ಸ್ವಲ್ಪ ಇಳಿಯಿತು.

ಇಬ್ರಿಯ ಅಂಗಡಿಯಲ್ಲಿ ಮುಹಿಯುದ್ದೀನ್ ಪಂಪುಗಳ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ, ಉತ್ತರಕ್ಕೆ ತಲೆಯಾಡಿಸಿ, ಶಿಫಾರಸು ಪತ್ರ ತೆಗೆದುಕೊಂಡು ಓದಿದರು. ಓದುತ್ತಾ ಅವರ ಹುಬ್ಬು ಮೇಲೇರಿತು.

“ಮೂರು ದಿನದಲ್ಲಿ ಮೂವತ್ತಾರು ಕಿಲೋಮೀಟರ್ ಓಡಿದ್ದೀರಾ? ಯಾಕೆ?”

ರಾಜಗೋಪಾಲರು ತುಕ್ರರ ಕಡೆ ನೋಡಿದರು.

“ಸಂಸಾರ ಕರಕೊಂಡು ರಜೆಗೆ ಹೋಗಿದ್ದರು,” ಎಂದರು ತುಕ್ರರು.

ಮುಹಿಯುದ್ದೀನ್ ಪತ್ರ ಮಡಚಿಟ್ಟು, ಒಂದನೇ ತಾರೀಕಿನಿಂದ ಬನ್ನಿ ಎಂದು ಹೇಳಿ ಮೂವರಿಗೂ ಚಹಾ ತರಿಸಿದರು.