ತತ್ತಿ ನಾರುವ ಬಿಸಿನೀರು

ಸಾವಂತ್ರವ್ವ ಎಂಬತ್ತೆರಡು ವರ್ಷವಾದರೂ ಶ್ರೀಶೈಲ ನೋಡಿರಲಿಲ್ಲ. ಕಾರಣ ಬಡತನವಲ್ಲ, ಮಂಡಿನೋವೂ ಅಲ್ಲ, ಬಚ್ಚಲು. ಬೆಳಿಗ್ಗೆ ಬಿಸಿನೀರಿನ ಸ್ನಾನವಾಗಬೇಕು, ಸ್ನಾನವಾದ ಮೇಲೆ ಲಿಂಗಪೂಜೆಯಾಗಬೇಕು, ಪೂಜೆಯಾಗುವ ತನಕ ಹನಿ ನೀರೂ ಗಂಟಲಿಗೆ ಇಳಿಯಕೂಡದು. ಇದು ಅವಳ ನೇಮ. ಲಾಡ್ಜಿನ ಬಚ್ಚಲಿಗೆ ಅವಳು ಕಾಲಿಡುವವಳಲ್ಲ. "ಅಲ್ಲಿ ತತ್ತಿ ತಿಂದೋರು ಮೈ ತೊಳಕೊಂಡಿರ್ತಾರ" ಎಂಬುದು ಅವಳ ವಾದ. ಮೊಟ್ಟೆಯ ಮೇಲೆ ಅವಳಿಗಿದ್ದಷ್ಟು ಸಿಟ್ಟು ಹಾವು, ಹುಲಿ, ಸರ್ಕಾರ ಯಾವುದರ ಮೇಲೂ ಇರಲಿಲ್ಲ.

ಅವಳ ಒಬ್ಬನೇ ಮಗ ಫಕೀರಪ್ಪ ಪುಣೆಯ ಶಿವಾಜಿನಗರದ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು, ತೊಂಬತ್ತೆಂಟರಲ್ಲಿ ನಿವೃತ್ತನಾದವನು. ತಾಯಿ ಬಚ್ಚಲಿಗೆ ಬರದಿದ್ದರೆ ಬಚ್ಚಲನ್ನೇ ತಾಯಿಯ ಜೊತೆ ಕಳಿಸಿದರಾಯಿತು ಎಂಬ ಬುದ್ಧಿ ಅವನಿಗೆ ಹೊಳೆಯಿತು. ಜರ್ಮನಿಯಿಂದ ಗಂಡಹೆಂಡತಿಯಿಬ್ಬರು ಓಡಿಸಿಕೊಂಡು ಬಂದು, ಪುಣೆಯಲ್ಲಿ ದಿಢೀರನೆ ವೈರಾಗ್ಯ ಬಂದು ಮಾರಿದ್ದ ಮನೆಗಾಡಿಯೊಂದನ್ನು ಕೊಂಡ. ಕಾಗದಪತ್ರ ಹೇಗಾದವೆಂಬುದು ಏಜೆಂಟನಿಗೂ ಶಿವನಿಗೂ ಗೊತ್ತು. ಗಾಡಿಯೊಳಗೆ ಮಂಚವಿತ್ತು, ಒಲೆಯಿತ್ತು, ಪುಟ್ಟ ಬಚ್ಚಲಿತ್ತು, ಗ್ಯಾಸಿನಿಂದ ಕಾಯುವ ಬಿಸಿನೀರಿನ ಟಾಕಿಯೂ ಇತ್ತು. ಸಾವಂತ್ರವ್ವ ಗಾಡಿಯನ್ನು ಮೂರು ಸುತ್ತು ಹಾಕಿ ನೋಡಿ, "ನಡೀರಿ ಹಂಗಾರ" ಎಂದಳು. ಆ ಎರಡು ಮಾತಿಗಾಗಿ ಫಕೀರಪ್ಪ ಇಪ್ಪತ್ತು ವರ್ಷ ಕಾದಿದ್ದ.

ಫಕೀರಪ್ಪನಿಗೆ ಒಂದು ಗುಟ್ಟಿತ್ತು. ಈಗಲೇ ಹೇಳಿಬಿಡುವುದು ವಾಸಿ. ಎಂಟು ವರ್ಷದಿಂದ ಪ್ರತಿ ಶನಿವಾರ ಸಂಜೆ ಅವನು ಶಿವಾಜಿನಗರ ಸ್ಟೇಷನ್ನಿನ ಹತ್ತಿರದ ತಳ್ಳುಗಾಡಿಯೊಂದರಲ್ಲಿ ಎರಡು ಮೊಟ್ಟೆಯ ಬುರ್ಜಿ ತಿನ್ನುತ್ತಿದ್ದ. ಮೇಲೆ ಬಡೇಸೋಪು, ಅದರ ಮೇಲೊಂದು ಎಲಡಿಕೆ ಹಾಕಿಕೊಂಡು ಮನೆಗೆ ಬರುತ್ತಿದ್ದ. ನಿವೃತ್ತನಾದ ಮೇಲೂ "ಪೆನ್ಷನ್ ಕೆಲಸ ಅದ" ಎಂದು ಶನಿವಾರ ತಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ಇದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಹೊರಡುವ ಮುನ್ನಾದಿನ ಬಿಸಿನೀರಿನ ನಲ್ಲಿ ತಿರುಗಿಸಿ ನೋಡಿದರೆ ಸಣ್ಣಗೆ ಕೊಳೆತ ಮೊಟ್ಟೆಯ ವಾಸನೆ. ಫಕೀರಪ್ಪ ಬಾಯಿಗೆ ಕೈ ಅಡ್ಡ ಹಿಡಿದು ತನ್ನ ಉಸಿರನ್ನೇ ಮೂಸಿ ನೋಡಿಕೊಂಡ. ಆದರೆ ಸಾವಂತ್ರವ್ವ ತಾನೇ ದಾರಿ ತೋರಿಸಿದಳು. "ಆ ಬಿಳೀ ಮಂದಿ ಇದರಾಗ ತತ್ತಿ ಕುದಿಸ್ಯಾರ. ಅಯ್ಯನೋರನ್ನ ಕರೀರಿ" ಎಂದಳು. ಅಯ್ಯನವರು ಬಂದು ಮಂತ್ರ ಹೇಳಿ, ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಕಲಸಿದ ಒಂದು ಕೊಡ ಪಂಚಾಮೃತವನ್ನು ಟಾಕಿಗೆ ಸುರಿಸಿದರು. ಅಂದು ಸಂಜೆ ನಲ್ಲಿಯಲ್ಲಿ ಪ್ರಸಾದದ ಘಮ ಬಂತು. ಎಲ್ಲರೂ ಕೈ ಮುಗಿದರು.

ಮರುದಿನ ಮಧ್ಯಾಹ್ನ ಗಾಡಿ ಸೊಲ್ಲಾಪುರದ ದಾರಿ ಹಿಡಿಯಿತು. ಓಡಿಸುವವನು ಫಕೀರಪ್ಪನ ಹೆಂಡತಿ ನಾಗವ್ವನ ತಮ್ಮ ಶಿವರಾಜ. ಹಿಂದೆ ಸಾವಂತ್ರವ್ವ, ಫಕೀರಪ್ಪ, ನಾಗವ್ವ, ಈ ಗಂಡಹೆಂಡಿರ ಕಾಲೇಜಿಗೆ ಹೋಗುವ ಮಗಳು ತ್ರಿವೇಣಿ. ಇಂದಾಪುರದ ಹತ್ತಿರ ಕಬ್ಬಿನ ಗದ್ದೆಯ ಪಕ್ಕ ತಂಗಿದರು. ಬೆಳಿಗ್ಗೆ ಶಿವರಾಜ ಟಾಕಿ ಕಾಯಿಸಿ ನಲ್ಲಿ ತಿರುಗಿಸಿದ್ದೇ ತಡ, ಗಾಡಿಯೊಳಗಿದ್ದವರೆಲ್ಲ ಮೂಗು ಹಿಡಿದುಕೊಂಡು ಗದ್ದೆಗೆ ಹಾರಿದರು. ಹಿಂದಿನ ವಾಸನೆ ಒಂದು ಮೊಟ್ಟೆಯದಾಗಿದ್ದರೆ ಇದು ಇಡೀ ಕೋಳಿ ಫಾರ್ಮಿನದು.

ಸಾವಂತ್ರವ್ವ ಮಾತ್ರ ಹಾರಲಿಲ್ಲ. ತಣ್ಣೀರಿನ ನಲ್ಲಿ ತಿರುಗಿಸಿ ಮೂಸಿದಳು, ವಾಸನೆ ಇಲ್ಲ. ಬಿಸಿನೀರು ಮೂಸಿದಳು, ಸೆರಗಿನಿಂದ ಮೂಗು ಮುಚ್ಚಿ ನಲ್ಲಿ ಕಟ್ಟಿದಳು. ಕೆಳಗಿಳಿದು ಬಂದು ಬೇವಿನ ಮರದ ಬುಡದಲ್ಲಿ ಕಾಲು ಮಡಚಿ ಕೂತಳು.

"ಅತ್ತಿ, ತಣ್ಣೀರನ್ನ ಒಲಿ ಮ್ಯಾಲ ಕಾಸಿ ಕೊಡ್ತೀನ್ರಿ" ಎಂದಳು ನಾಗವ್ವ.

"ಬ್ಯಾಡ. ತಣ್ಣೀರಾಗ ಪಾಪ ಮಲಗಿರತದ, ಬಿಸಿ ಹತ್ತಿದ ಕೂಡಲೇ ಏಳತದ. ಅಯ್ಯನೋರ ಮಂತ್ರಕ್ಕೂ ಹೋಗಲಿಲ್ಲಂದ್ರ ಇದು ಜರ್ಮನಿ ತತ್ತಿ ಅಲ್ಲ, ನಮ್ಮನೀದ. ತತ್ತಿ ತಿಂದೋರು ಯಾರೋ ಈ ಗಾಡಿ ಹತ್ಯಾರ. ಅವರು ಒಪ್ಪಿಕೊಳ್ಳೋ ತನಕ ನಂಗ ಸ್ನಾನ ಇಲ್ಲ."

ಸ್ನಾನವಿಲ್ಲ ಎಂದರೆ ಪೂಜೆಯಿಲ್ಲ, ಪೂಜೆಯಿಲ್ಲ ಎಂದರೆ ಅನ್ನವೂ ಇಲ್ಲ, ನೀರೂ ಇಲ್ಲ. ಸಕ್ಕರೆ ಕಾಯಿಲೆಯ ಮುದುಕಿ. ಉಪವಾಸ ಕೂಡದು ಎಂದು ಡಾಕ್ಟರು ಬೆರಳು ಅಲ್ಲಾಡಿಸಿ ಹೇಳಿದ್ದರು. ಫಕೀರಪ್ಪ ಕೈ ಮುಗಿದ, ಗದರಿದ, ಅತ್ತ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಹನ್ನೊಂದಕ್ಕೆ ತ್ರಿವೇಣಿ ಅಳುತ್ತ ಅಜ್ಜಿಯ ಹತ್ತಿರ ಬಂದಳು. "ಆಯಿ, ಗೆಳತಿ ಬರ್ಥ್‌ಡೇಕ್ಕ ಕೇಕ್ ತಿಂದೀನಿ. ಅದರಾಗ ತತ್ತಿ ಇರತದಂತ ಆಮ್ಯಾಲ ಗೊತ್ತಾತು."

ಸಾವಂತ್ರವ್ವ ಬೈಯಲಿಲ್ಲ. "ಶಿವರಾಜಾ, ಹೋಗಿ ನಲ್ಲಿ ತಿರುವು" ಎಂದಳು. ಶಿವರಾಜ ತಿರುಗಿಸಿ, ಮೂಸಿ, ಕೆಮ್ಮುತ್ತ ಬಂದ. "ಹಂಗ ಅದ ಅತ್ತಿ."

"ಅಂದ್ರ ಇನ್ನೂ ಯಾರೋ ಇದ್ದಾರ."

ನಾಗವ್ವ ಸೆರಗು ತಿರುವುತ್ತ ಮುಂದೆ ಬಂದಳು. "ನಾ ತಿಂದಿಲ್ರಿ ಅತ್ತಿ. ತಲಿಗೆ ಹಚ್ಚಿಕೊಂಡೀನಿ. ಕೂದಲಾ ಉದುರತಾವಂತ ಪಾರ್ಲರಿನಾಕಿ ಹೇಳಿದ್ಲು." ಮತ್ತೆ ನಲ್ಲಿ ತಿರುಗಿತು. ಮತ್ತೆ ಅದೇ ನಾತ.

ಕೊನೆಗೆ ಶಿವರಾಜನೂ ಬಾಯಿಬಿಟ್ಟ. ಹೋದ ವರ್ಷ ಪುಣೆ ಹತ್ತಿರದ ಭೋರ್ ಊರಿಗೆ ಹೋದಾಗ ಒಂದು ಇಡೀ ಕೋಳಿ ತಿಂದಿದ್ದನಂತೆ. ಸಾವಂತ್ರವ್ವ ಕೈ ಬೀಸಿ ಅವನನ್ನು ಆಚೆಗಟ್ಟಿದಳು. "ಕೋಳಿ ಲೆಕ್ಕಕ್ಕಿಲ್ಲ. ನಾರೋದು ತತ್ತಿ." ಪಾಪ, ಇಷ್ಟು ದೊಡ್ಡ ಪಾಪ ಮಾಡಿಯೂ ಅವನಿಗೆ ಮರ್ಯಾದೆ ಸಿಗಲಿಲ್ಲ.

ಉಳಿದವನು ಫಕೀರಪ್ಪ. ಹೇಳಿಬಿಡಲೇ ಎಂದು ಬಾಯಿ ತೆರೆದ. ಅಷ್ಟರಲ್ಲಿ ತಾಯಿ ಅವನತ್ತ ನೋಡಿ, "ಇವನ ಬಗ್ಗೆ ನಂಗ ಸಂಶೇ ಇಲ್ಲ. ನನ ಮಗ ಬಂಗಾರ" ಎಂದಳು. ಬಾಯಿ ಮುಚ್ಚಿಕೊಂಡಿತು. "ಮೆಕ್ಯಾನಿಕ್‌ನ ಕರಕೊಂಡು ಬರ್ತೀನಿ" ಎಂದವನೇ ಫಕೀರಪ್ಪ ಊರ ಕಡೆ ಓಡಿದ. ತಾಯಿಯ ಜೀವ ಉಳಿಸಲು ಓಡಿದನೋ ತನ್ನ ಮಾನ ಉಳಿಸಿಕೊಳ್ಳಲು ಓಡಿದನೋ, ಅವನಿಗೇ ತಿಳಿಯದು. ನನ್ನನ್ನು ಕೇಳಿದರೆ ಎರಡನೆಯದಕ್ಕೇ.

ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದೆ ಗೀಜರ್ ರಿಪೇರಿ ಮಾಡುವ ಶ್ಯಾಮ ಸಿಕ್ಕ. ಅಫಜಲಪುರದ ಕಡೆಯವನು, ಕನ್ನಡ ಬರುತ್ತಿತ್ತು. ಗಾಡಿಯ ಟಾಕಿಗೆ ಮೂಗು ಹಚ್ಚಿ ಒಂದು ಸಲ ಉಸಿರೆಳೆದು ನಕ್ಕ. ನೀರೆಲ್ಲ ಹೊರಗೆ ಬಿಟ್ಟು, ಪಾನಾ ಹಾಕಿ ಒಂದು ದಪ್ಪ ನಟ್ಟು ಬಿಚ್ಚಿದ. ಅದರ ಜೊತೆ ಮೊಳದುದ್ದದ ಒಂದು ಸರಳು ಹೊರಬಂತು, ಜಗಿದು ಉಗಿದ ಕಬ್ಬಿನ ಹಾಗೆ.

"ನೋಡ್ರಿ ಸಾಹೇಬ್ರ, ಇದು ಮ್ಯಾಗ್ನೀಷಿಯಂ ರಾಡು. ಟಾಕಿಗೆ ಜಂಗು, ತುಕ್ಕು ಹತ್ತಬಾರದಂತ ಹಾಕಿರ್ತಾರ. ಇದಕ್ಕೂ ನಮ್ಮ ಬೋರಿನ ನೀರಿಗೂ ಆಗಿಬರೂದಿಲ್ಲ. ನೀರು ನಿಂತ್ರ ಒಳಗ ಸಣ್ಣ ಹುಳ ಆಗತಾವ, ತತ್ತಿ ನಾತ ಬಿಡತಾವ." ಟಾಕಿಯಿಂದ ಬಿದ್ದ ಬಿಳಿ ಗಡ್ಡೆಯೊಂದನ್ನು ಕಡ್ಡಿಯಿಂದ ಕೆದಕಿದ. "ಇದರಾಗ ಮೊಸರು ಯಾರು ಹಾಕ್ಯಾರ್ರಿ?"

ಎಲ್ಲರೂ ಸಾವಂತ್ರವ್ವನ ಕಡೆ ನೋಡಿದರು.

"ಹುಳಕ್ಕ ಊಟಕ್ಕ ಹಾಕೀರಿ ನೀವು" ಎಂದ ಶ್ಯಾಮ.

ಬ್ಲೀಚಿಂಗ್ ಪೌಡರ್ ಕಲಸಿದ ನೀರು ತುಂಬಿ ಎರಡು ತಾಸು ಬಿಟ್ಟ. ಮೂರು ಸಲ ತೊಳೆದ. ಸರಳಿಲ್ಲದ ಬರೀ ಬೂಚು ಬಿಗಿದು, ಪುಣೆಗೆ ಹೋದ ಮೇಲೆ ಅಲ್ಯುಮಿನಿಯಂ ಸರಳು ಹಾಕಿಸಿಕೊಳ್ಳಿ ಎಂದು ಹೇಳಿ ಹೋದ. ಸಂಜೆ ನಾಲ್ಕಕ್ಕೆ ಟಾಕಿ ಕಾಯಿತು. ನಲ್ಲಿ ತಿರುಗಿಸಿದರೆ ಬರೀ ನೀರು. ನೀರಿನ ಹಾಗೆ ನಾರುವ ನೀರು. ಫಕೀರಪ್ಪನಿಗೆ ಕಣ್ಣು ತುಂಬಿ ಬಂತು. ತಾಯಿ ಬದುಕಿದಳು, ಗುಟ್ಟೂ ಬದುಕಿತು.

ಉಪವಾಸದಿಂದ ಸಾವಂತ್ರವ್ವನ ದನಿ ಇಷ್ಟೊತ್ತಿಗೆ ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. ಆದರೂ ಸರಳಿನ ಕಥೆಯನ್ನು ಅವಳು ಒಪ್ಪಲಿಲ್ಲ. ಬೇವಿನ ಬುಡಕ್ಕೇ ಮಣೆ ತರಿಸಿ, ಉಟ್ಟ ಸೀರೆಯಲ್ಲೇ ಕೂತು, ತಲೆಗೆ ಸೀಗೆಕಾಯಿ ಹಚ್ಚಿಸಿಕೊಂಡಳು.

"ಸರಳಿಂದಲ್ಲ, ಇದು ನನ ಮಗನ ಪುಣ್ಯದಿಂದ ಶುದ್ಧ ಆದ ನೀರು. ಮೊದಲ ತಂಬಿಗಿ ಇವನೇ ಹಾಕಬೇಕು. ಅದಕ್ಕೂ ಮೊದಲ ನೀವು ಮೂರೂ ಮಂದಿ ಇವನ ಕಾಲು ಮುಟ್ಟಿ ತಪ್ಪಾತು ಅನ್ರಿ."

ಫಕೀರಪ್ಪ ಬಿಸಿನೀರಿನ ತಂಬಿಗೆ ಹಿಡಿದು ನಿಂತ. ಶಿವರಾಜ ಬಗ್ಗಿದ. ನಾಗವ್ವ ಬಗ್ಗಿದಳು. ತ್ರಿವೇಣಿ ಬಗ್ಗಿದಾಗ ಅವಳ ಕಣ್ಣೀರು ಅವನ ಹೆಬ್ಬೆರಳ ಮೇಲೆ ಬಿತ್ತು. ಹುಡುಗಿ ತಿಂದದ್ದು ಒಂದು ತುಂಡು ಕೇಕು. ಅವನು ತಿಂದದ್ದು ವರ್ಷಕ್ಕೆ ನೂರರಂತೆ ಎಂಟುನೂರು ಮೊಟ್ಟೆ. ಜೀವಮಾನದಲ್ಲಿ ಅವನಿಗೆ ಅಷ್ಟು ನಾಚಿಕೆಯಾದದ್ದಿಲ್ಲ.

"ಅವ್ವಾ," ಎಂದ. "ನಾನೂ ತತ್ತಿ ತಿಂತೀನಿ. ಶಿವಾಜಿನಗರದಾಗ. ಶನಿವಾರಕ್ಕೊಮ್ಮೆ. ಎಂಟು ವರ್ಷ ಆತು."

ನಾಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಪೆನ್ಷನ್ ಕೆಲಸ ಏನೆಂಬುದು ಈಗ ತಿಳಿಯಿತು. ಸಾವಂತ್ರವ್ವ ಮುಖವೆತ್ತಿದಳು. ಬಾಯಿ ತೆರೆದಳು. ಹಣೆಯಿಂದ ಸೀಗೆಕಾಯಿ ಇಳಿದು ಎರಡೂ ಕಣ್ಣಿಗೆ ಹೋಯಿತು.

"ಅಯ್ಯಯ್ಯೋ, ಕಣ್ಣು! ಮೊದಲ ನೀರು ಹಾಕೋ ಭಾಡ್ಯಾ! ಬಯ್ಯೂದು ಆಮ್ಯಾಲ!"

ಅವನು ಹಾಕಿದ. ಒಂದಾದ ಮೇಲೊಂದು, ಟಾಕಿ ಬರಿದಾಗುವ ತನಕ ಹಾಕಿದ. ಸ್ನಾನವಾಯಿತು, ಪೂಜೆಯಾಯಿತು, ಸಾವಂತ್ರವ್ವ ಎರಡು ರೊಟ್ಟಿ ಉಂಡಳು. ಆಮೇಲೆ ಬಯ್ಯಲು ಕೂತಳು. ಇಂದಾಪುರದಿಂದ ಸೊಲ್ಲಾಪುರದ ತನಕ ಬೈದಳು. ಸತ್ತ ಗಂಡನನ್ನೂ, ಶಿವಾಜಿನಗರವನ್ನೂ, ಕೋರ್ಟನ್ನೂ, ಜಗತ್ತಿನ ಸಮಸ್ತ ಕೋಳಿಗಳನ್ನೂ ಬೈದಳು. ಫಕೀರಪ್ಪ ತಲೆ ತಗ್ಗಿಸಿ ಕೇಳಿದ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅವನ ಹೊಟ್ಟೆ ಹಗುರಾಗಿತ್ತು.

ಸೊಲ್ಲಾಪುರ ದಾಟುವಾಗ ಬೈಗಳು ನಿಂತವು. ನಾಗವ್ವನೂ ತ್ರಿವೇಣಿಯೂ ತೂಕಡಿಸುತ್ತಿದ್ದರು. ಸಾವಂತ್ರವ್ವ ಅವರತ್ತ ಒಮ್ಮೆ ನೋಡಿ, ಮಗನ ಕಡೆ ಬಾಗಿದಳು.

"ಎಂಟು ವರ್ಷ ತಿಂದೀ ಅಂದ್ರ... ರುಚಿ ಇರತದೇನೋ?"

ಸುಳ್ಳು ಹೇಳುವುದು ಸುಲಭವಿತ್ತು.

"ಭಾಳ ರುಚಿ ಇರತದವ್ವಾ."

ಮುದುಕಿ ತನ್ನ ಶಾಲಿನ ಅರ್ಧವನ್ನು ಮಗನ ಹೆಗಲಿಗೆ ಹೊದಿಸಿ, "ಯಾರ ಮುಂದೂ ಹೇಳಬ್ಯಾಡ, ನಾ ಕೇಳಿದೆ ಅಂತ" ಎಂದಳು.