ಹೊನ್ನಮ್ಮನ ಸೋಬಾನೆ

ಅಜ್ಜಂಪುರದ ಸೋಬಾನೆ ಸಂಘ ಹುಟ್ಟಿದ್ದೇ ತೀರ್ಥಮ್ಮನ ಹಟದಿಂದ. ಅತ್ತೆ ಕಲಿಸಿದ ಪದಗಳು ತನ್ನ ಜೊತೆಗೇ ಮಣ್ಣಾಗಬಾರದು ಅಂತ ಎಪ್ಪತ್ತಮೂರನೇ ಇಸವಿಯಲ್ಲಿ ಮೈದುನ ಷಣ್ಮುಖಪ್ಪನನ್ನು ಕಾಡಿ ಬೇಡಿ, ಅವನ ಕಡಲೆಕಾಯಿ ಮಂಡಿಯ ಹಿಂದಿನ ಕೋಣೆ ಬಿಡಿಸಿಕೊಂಡಳು. ಸೋಮವಾರ ಮಧ್ಯಾಹ್ನ ಮುಸುರೆ ತೊಳೆದು ಮುಗಿಸಿದ ಹೆಂಗಸರು ಅಲ್ಲಿ ಸೇರೋರು.

ಸಂಘಕ್ಕೆ ಕಳೆ ಬಂದದ್ದು ಓಬಮ್ಮ ಬಂದಮೇಲೆ. ಹಿರೇನಲ್ಲೂರು ಕಡೆಯಿಂದ ಗಂಡನ ಜೊತೆ ಕೂಲಿಗೆ ಬಂದು ಮಂಡಿಯಲ್ಲಿ ಕಾಯಿ ಬಿಡಿಸುತ್ತಿದ್ದವಳು. ಹೊರಗೆ ಕೂತೇ ದನಿ ಸೇರಿಸುತ್ತಿದ್ದ ಅವಳನ್ನು ತೀರ್ಥಮ್ಮನೇ ಕೈಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರು ಮೂತಿ ತಿರುವಿ ಎದ್ದುಹೋದರು. ಹೋಗಲಿ ಬಿಡು ಅಂದಳು ತೀರ್ಥಮ್ಮ. ತೀರ್ಥಮ್ಮ ಎತ್ತಿದ ಸೊಲ್ಲನ್ನು ಓಬಮ್ಮ ಹಿಡಿದಳೆಂದರೆ, ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಗಂಡಸರೂ ಟವೆಲಿನಿಂದ ಕಣ್ಣೊರೆಸಿಕೊಳ್ಳೋರು. ಕಡೂರು, ತರೀಕೆರೆ, ಪಂಚನಹಳ್ಳಿ, ಎಲ್ಲಿ ಮದುವೆಯಾದರೂ ಮೊದಲ ವೀಳ್ಯ ಇವರಿಗೇ ಬರುತ್ತಿತ್ತು.

ಎಂಬತ್ತೆರಡರಲ್ಲಿ ಕೃಷ್ಣಸ್ವಾಮಿ ಅನ್ನುವವನೊಬ್ಬ ಬೆಂಗಳೂರಿನಿಂದ ಬಂದ. ನಿಮ್ಮ ಪದಗಳನ್ನು ಕ್ಯಾಸೆಟ್ ಮಾಡ್ತೀನಿ, ನೂರು ವರ್ಷ ಉಳೀತವೆ ಅಂದ. ತರೀಕೆರೆಯ ಒಂದು ಖಾಲಿ ಶಾಲೆಯಲ್ಲಿ ಕಿಟಕಿಗೆಲ್ಲ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿದರು. ಶುರುವಿನಲ್ಲೇ ತೊಡಕಾಯಿತು. ಮದುಮಗಳ ಹೆಸರಿಲ್ಲದೆ ಸೋಬಾನೆ ಸಾಗುವುದಿಲ್ಲ. ಇಲ್ಲಿ ಮದುಮಗಳೇ ಇಲ್ಲ.

"ಯಾವ್ದಾದ್ರೂ ಒಂದು ಹೆಸ್ರು ಹೇಳ್ರಮ್ಮ," ಅಂದ ಕೃಷ್ಣಸ್ವಾಮಿ.

"ಹೊನ್ನಮ್ಮ ಅನ್ನಿ," ಅಂದಳು ಓಬಮ್ಮ.

ವಾಪಸು ಬರುವಾಗ ಬಸ್ಸಿನಲ್ಲಿ ತೀರ್ಥಮ್ಮನ ಕಿವಿಯ ಹತ್ತಿರ ಬಾಗಿ ಹೇಳಿದಳು: "ಹೊನ್ನಮ್ಮ ನನ್ ಮಗಳು ಕಣಕ್ಕ. ಲಗ್ನ ಗೊತ್ತಾಗಿತ್ತು, ಜ್ವರ ಬಂದು ಹೋಗ್ಬಿಟ್ಲು. ಒಂದ್ಸಲನಾದ್ರೂ ಅವಳ್ಗೆ ಸೋಬಾನೆ ಆಗ್ಲಿ ಅಂತ ಅಂದೆ. ಯಾರ್ಗೂ ಹೇಳ್ಬೇಡಿ." ತೀರ್ಥಮ್ಮ ಅವಳ ಕೈ ಅದುಮಿದಳು.

ಕ್ಯಾಸೆಟ್ ಚೆನ್ನಾಗಿ ಓಡಿತು. ಮೈಕ್‌ಸೆಟ್ಟಿನವರೆಲ್ಲ ಒಂದೊಂದು ಇಟ್ಟುಕೊಂಡರು. ಮೊದಮೊದಲು ಹೆಂಗಸರಿಗೆ ಹಿಗ್ಗೋ ಹಿಗ್ಗು. ಆಮೇಲೆ ವೀಳ್ಯ ಬರುವುದು ಕಮ್ಮಿಯಾಯಿತು, ಆಮೇಲೆ ನಿಂತೇ ಹೋಯಿತು. ಸೋಮವಾರದ ಕೋಣೆಯಲ್ಲಿ ನಾಲ್ಕೈದು ಜನ ಕೂತು, ಹಾಡುವುದಕ್ಕಿಂತ ಹೆಚ್ಚಾಗಿ ಆಕಳಿಸತೊಡಗಿದರು.

ಎಂಬತ್ತೈದರಲ್ಲಿ ಸಂಘದವಳೇ ಆದ ಮಲ್ಲಿಕಾಂಬನ ಮಗಳು ಗಿರಿಜೆಯ ಮದುವೆ ಕಡೂರಿನ ಛತ್ರದಲ್ಲಿ ಗೊತ್ತಾಯಿತು. ನಮ್ಮವಳ ಮನೆಯ ಮದುವೆ, ಇಲ್ಲಂತೂ ನಾವೇ ಹಾಡೋದು ಅಂತ ತೀರ್ಥಮ್ಮ ಎಲ್ಲರನ್ನೂ ಹೊರಡಿಸಿಕೊಂಡು ಹೋದಳು. ಛತ್ರದ ಮೆಟ್ಟಿಲು ಹತ್ತುವಾಗಲೇ ಅವಳದೇ ದನಿ ಹಾರ್ನಿನಲ್ಲಿ ಅರಚುತ್ತಿತ್ತು. ಹುಡುಗಿಯನ್ನು ಹಸೆಗೆ ಕರೆದಾಗ ತೀರ್ಥಮ್ಮ ಮುಂದೆ ಬಂದು ಸೊಲ್ಲೆತ್ತಿದಳು. ಮಲ್ಲಿಕಾಂಬ ಓಡಿಬಂದಳು.

"ಯಾಕಕ್ಕ ಗಂಟಲು ನೋಯಿಸ್ಕೋತೀರ? ನಿಮ್ದೇ ಕ್ಯಾಸೆಟ್ ಹಾಕ್ಸಿದೀವಲ್ಲ."

"ಅದ್ರಾಗೆ ನಿನ್ ಮಗಳ ಹೆಸ್ರೇ ಇಲ್ವಲ್ಲ. ಯಾರಿಗೇ ಇದು ಸೋಬಾನೆ?"

"ಹೆಸ್ರು ಯಾರು ಕೇಳ್ತಾರೆ? ಹೊನ್ನಮ್ಮ ಅಂದ್ರೂ ಚೆನ್ನಾಗೇ ಐತೆ. ಕ್ಯಾಸೆಟ್ಟಿಗೆ ಕೆಮ್ಮು ಬರಲ್ಲ, ದನಿನೂ ನಡುಗಲ್ಲ. ಬೀಗರ ಮುಂದೆ ನನ್ ಮಾನ ಕಳೀಬೇಡಿ, ಹೋಗಿ ಕೂತ್ಕೊಳ್ಳಿ."

ಬೀಗರ ಕಡೆಯ ಹುಡುಗಿಯರು ಕಿಸಕ್ಕನೆ ನಕ್ಕರು. ತೀರ್ಥಮ್ಮನ ಮೈಯೆಲ್ಲ ಉರಿದುಹೋಯಿತು.

"ಹಾಕ್ಕೊಳ್ಳೇ, ಇನ್ನೂ ಜೋರಾಗಿ ಹಾಕ್ಕೋ! ಹೊನ್ನಮ್ಮ ಯಾರು ಗೊತ್ತೇನೇ? ಓಬಮ್ಮನ ಮಗಳು. ಹಸೆ ಏರೋಕೆ ಮುಂಚೆ ಸತ್ತೋದೋಳು!"

ಹೇಳಿದ ಮೇಲೆ ತಿರುಗಿ ನೋಡಿದಳು. ಓಬಮ್ಮ ಕಂಬದ ಪಕ್ಕದಲ್ಲೇ ನಿಂತಿದ್ದಳು. ಹಾರ್ನಿನಲ್ಲಿ ಮಗಳ ಹೆಸರು ಕೇಳುತ್ತಾ ಅರಳಿದ್ದ ಮುಖ ಇನ್ನೂ ಹಾಗೇ ಇತ್ತು, ಮಾತು ಒಳಗಿಳಿಯಲು ಕೊಂಚ ಹೊತ್ತು ಬೇಕಾಯಿತು.

ಛತ್ರದಲ್ಲಿ ಗದ್ದಲವೆದ್ದಿತು. ಯಾರೋ ಕ್ಯಾಸೆಟ್ ಕಿತ್ತು ಬೀದಿಗೆ ಎಸೆದರು. ಮಲ್ಲಿಕಾಂಬ ತೀರ್ಥಮ್ಮನಿಗೆ ಒಂದು ಮಾತೂ ಆಡಲಿಲ್ಲ. ಓಬಮ್ಮನ ರಟ್ಟೆ ಹಿಡಿದು ಆಚೆಗೆ ದಬ್ಬಿ, "ನನ್ ಮಗಳ ತಲೆ ಮೇಲೆ ಹೆಣದ ಹೆಸ್ರು ಹೊರಿಸಿದ್ಯೇನೇ, ಹಾಳಾದೋಳೇ," ಅಂತ ಕೂಗಿದಳು. ತೀರ್ಥಮ್ಮ ನಡುವೆ ಹೋಗಬೇಕಿತ್ತು. ಹೋಗಲಿಲ್ಲ.

ಸುದ್ದಿ ಊರೂರಿಗೆ ಹಬ್ಬಿತು. ಕ್ಯಾಸೆಟ್ ಹಾಕುವುದನ್ನು ಜನ ಬಿಟ್ಟರು, ಆದರೆ ಸಂಘವನ್ನೂ ಕರೆಯಲಿಲ್ಲ. ಹೆಣದ ಸಂಘ ಅಂದರು. ಮದುವೆ ಮನೆಗಳಲ್ಲಿ ಸಿನಿಮಾ ಹಾಡು ಶುರುವಾಯಿತು.

ವಾರ ಕಳೆದು ತೀರ್ಥಮ್ಮ ಓಬಮ್ಮನ ಗುಡಿಸಲಿಗೆ ಹೋದಳು. ಅವಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಗಂಡನಿಗೆ ಹೆಬ್ಬೆ ಕಡೆಯ ತೋಟದಲ್ಲಿ ಕೆಲಸ ಸಿಕ್ಕಿತ್ತು.

"ಸಿಟ್ಟಲ್ಲಿ ಬಂದ್ಬಿಡ್ತು ಕಣೇ," ಅಂದಳು ತೀರ್ಥಮ್ಮ.

"ಊರೋರು ಅಂದಿದ್ದು ದೊಡ್ದಲ್ಲ ಕಣಕ್ಕ. ಆ ಕ್ಯಾಸೆಟ್ ಹಾಕ್ದಾಗೆಲ್ಲ ನನ್ ಮಗಳ್ಗೆ ಮದ್ವೆ ಆಗ್ತಿತ್ತು," ಅಂದಳು ಓಬಮ್ಮ, ತಲೆಯೆತ್ತದೆ. "ಇನ್ನು ಯಾರೂ ಹಾಕಲ್ಲ. ಹೋಗ್ಬನ್ನಿ."

ಮುಂದಿನ ಸೋಮವಾರ ಸಂಘದವರಲ್ಲಿ ವಿಶಾಲಾಕ್ಷಮ್ಮ ಒಬ್ಬಳೇ ಬಂದಳು. ಮೊಮ್ಮಗಳಿಗಾದರೂ ಕಲಿಸೋಣ ಅಂತ ಕರೆದೆ, ಪರೀಕ್ಷೆ ಐತೆ ಅಂದ್ಲು ಅಂತ ಹೇಳಿ, ಸ್ವಲ್ಪ ಹೊತ್ತು ಕೂತು ಎದ್ದುಹೋದಳು. ಷಣ್ಮುಖಪ್ಪ ಗೊಬ್ಬರದ ಮೂಟೆ ಇಡಲು ಜಾಗ ಕೇಳುತ್ತಲೇ ಇದ್ದ. ಸಂಜೆ ತೀರ್ಥಮ್ಮ ಚಾಪೆಗಳನ್ನು ಸುತ್ತಿ ಹೊರಗಿಟ್ಟು, "ಇಟ್ಕೋಪ್ಪ, ಇನ್ಯಾರು ಬತ್ತಾರೆ," ಅಂದಳು.